ಮುರಾರಿ ಮಲಗಿಸಿದ ಕೊಳವೆಗಳು

ಮುರಾರಿ ನನ್ನ ಗಂಡನ ಕೊನೆಯ ತಮ್ಮ. ಮೀಸೆ ಸರಿಯಾಗಿ ಮೂಡುವ ಮೊದಲೇ ಉಡುಪಿ ಬಿಟ್ಟು ಕಲ್ಕತ್ತೆಗೆ ಬಂದವನು. ಲೇಕ್ ಮಾರ್ಕೆಟ್ಟಿನ ಹತ್ತಿರ ನಮ್ಮ ಕಡೆಯವರದೊಂದು ಹೋಟೆಲಿತ್ತು. ಅಲ್ಲಿ ಮೊದಲು ರುಬ್ಬುವ ಕೆಲಸ, ಆಮೇಲೆ ದೋಸೆ ಕಾವಲಿ, ಕೊನೆಗೆ ಅಡುಗೆಮನೆಯೇ ಅವನ ಕೈಗೆ ಬಂತು. ಮದುವೆ ಮಾಡಿಕೊಳ್ಳಲಿಲ್ಲ. ಯಾಕೆಂದು ಕೇಳಿದರೆ, "ಒಲೆಯ ಎದುರು ನಿಂತವನಿಗೆ ಹೆಣ್ಣು ಕೊಡುವವರು ಯಾರು ಅತ್ತಿಗೆ, ಹೊಗೆಯಲ್ಲಿ ಮುಖವೇ ಕಾಣುವುದಿಲ್ಲ" ಎನ್ನುತ್ತಿದ್ದ. ನನ್ನವರು ಸಿಯಾಲ್ದಾದಲ್ಲಿ ರೈಲ್ವೆಯಲ್ಲಿದ್ದರು. ಅವರು ಹೋದ ಮೇಲೆ ಡಮ್ ಡಮ್‌ನ ಎರಡು ಕೋಣೆಯ ಮನೆಯಲ್ಲಿ ಉಳಿದವರು ನಾನು ಮತ್ತು ಅವನು.

ಹೋಟೆಲು ಮುಚ್ಚಿತು. ಮುರಾರಿ ಒಂದು ಸರ್ಕಾರಿ ಆಫೀಸಿನ ಕ್ಯಾಂಟೀನಿಗೆ ಸೇರಿದ. ಆ ಆಫೀಸಿನವರು ಹಡಗಿನಲ್ಲಿ ಹೋಗಿ ಬಂಗಾಳ ಕೊಲ್ಲಿಯ ತಳದ ಮಣ್ಣನ್ನು ಉದ್ದುದ್ದ ಪ್ಲಾಸ್ಟಿಕ್ ಕೊಳವೆಗಳಲ್ಲಿ ತೆಗೆದು ತಂದು ಪರೀಕ್ಷೆ ಮಾಡುವವರು. ಒಂದು ದಿನ ಕ್ಯಾಂಟೀನಿನಲ್ಲಿ ಪತ್ರೊಡೆ ಮಾಡಿದ್ದನಂತೆ. ಬೆಂದ ಕೆಸುವಿನೆಲೆಯ ಸುರುಳಿಗೆ ಚೂರಿ ಹಾಕಿದರೆ ಎಲೆ ಹರಿಯುತ್ತದೆಂದು ಅವನು ದಾರದಿಂದಲೇ ಕತ್ತರಿಸುವುದು. ಆಫೀಸಿನ ದೊಡ್ಡವರು, ಲಾಹಿರಿ ಬಾಬು ಎಂದು, ತಟ್ಟೆ ಹಿಡಿದುಕೊಂಡು ನೋಡುತ್ತ ನಿಂತರಂತೆ. "ಮುರಾರಿ, ಹೀಗೇ ಮಣ್ಣು ಕತ್ತರಿಸುತ್ತೀಯಾ?" ಎಂದು ಕೇಳಿದರಂತೆ. ಕೊಳವೆಯನ್ನು ಉದ್ದಕ್ಕೆ ಎರಡು ಹೋಳು ಮಾಡುವಾಗ ಅವರೂ ಒಳಗಿನ ಮೆತ್ತನೆಯ ಮಣ್ಣನ್ನು ನೈಲಾನ್ ದಾರದಲ್ಲೇ ಸೀಳುತ್ತಾರಂತೆ. ಹೀಗೆ ಮುರಾರಿ ಕ್ಯಾಂಟೀನು ಬಿಟ್ಟು ದಿನಗೂಲಿಯ ಮೇಲೆ ಮಣ್ಣಿನ ಸ್ಟೋರಿಗೆ ಹೋದ.

ನಾನು ಇದನ್ನು ನಂಬಲಿಲ್ಲ. ಅಡುಗೆಯವನನ್ನು ಕರೆದು ಮಣ್ಣು ಕತ್ತರಿಸಲು ಕೂಲಿ ಕೊಡುವ ಸರ್ಕಾರವನ್ನು ನಾನು ಕಂಡಿರಲಿಲ್ಲ. ಅದರ ಮೇಲೆ ಅವನ ವೇಷವೂ ಬದಲಾಗತೊಡಗಿತು. ಬೆಲ್ಟು ಹೋಯಿತು, ಪ್ಯಾಂಟಿಗೆ ಲಾಡಿ ಬಂತು. ಕೈಗಡಿಯಾರ ಮನೆಯಲ್ಲೇ ಉಳಿಯತೊಡಗಿತು. ಬಾಗಿಲಿಗಿದ್ದ ಗಟ್ಟಿ ಬೀಗ ತೆಗೆದು ಹಿತ್ತಾಳೆಯದೊಂದು ತಂದು ಹಾಕಿದ.

"ಎಂತದಿದು ಮಾರಾಯ?"

"ಅಲ್ಲಿ ಅಳೆಯುವ ಕೋಣೆಗೆ ಕಬ್ಬಿಣ ಒಯ್ಯುವ ಹಾಗಿಲ್ಲ ಅತ್ತಿಗೆ. ಬೀಗದ ಕೈ ಕೂಡ ಆಗುವುದಿಲ್ಲ."

ನಮ್ಮ ಮನೆಯ ಮೇಲೆಯೇ ವಿಮಾನಗಳು ಇಳಿಯುತ್ತವೆ. ಮೈಮೇಲೆ ಕಬ್ಬಿಣವಿಲ್ಲದೆ ಓಡಾಡುವವರು ಎಂಥವರು ಎಂದು ನನಗೆ ಪಕ್ಕದ ಮನೆಯ ಮಹಾಲಕ್ಷ್ಮಿ ಹೇಳಿದ್ದಳು. "ಕಳ್ಳಸಾಗಣೆಯ ಚಿನ್ನವೋ?" ಎಂದು ನೇರವಾಗಿ ಕೇಳಿದೆ. ಅವನು ನಕ್ಕು ನಕ್ಕು ಕೆಮ್ಮಿದ. ಮಾರನೆಯ ದಿನ ಕತ್ತರಿಸಿ ಬಿಸಾಡುವ ಮಣ್ಣಿನ ಒಂದು ಚೂರನ್ನು ಡಬ್ಬಿಯಲ್ಲಿ ತಂದು ಕೊಟ್ಟ. ಬೂದು ಬಣ್ಣ, ಸ್ವಲ್ಪ ಹಸಿರು ಛಾಯೆ. ಬೆರಳಲ್ಲಿ ಉಜ್ಜಿದರೆ ತೇದ ಗಂಧದ ಹಾಗೆ ನುಣುಪು. ಗಂಗೆಯ ಕೆಸರಿನ ವಾಸನೆ ಇರಲಿಲ್ಲ. ಮಣ್ಣೇ ಎಂದು ಒಪ್ಪಿದೆ. ಕಬ್ಬಿಣದ ಮಾತನ್ನು ಮಾತ್ರ ಒಪ್ಪಲಿಲ್ಲ.

ಅದನ್ನು ತಿಳಿಸಿ ಹೇಳಿದವಳು ಶ್ರೀವಿದ್ಯಾ. ಮೈಸೂರಿನ ಹುಡುಗಿ, ಅದೇ ಆಫೀಸಿನಲ್ಲಿ ವಿಜ್ಞಾನಿ. ಸ್ಟೋರಿನಲ್ಲಿ ಕನ್ನಡ ಮಾತಾಡುವವನೊಬ್ಬ ಇದ್ದಾನೆಂದು ತಿಳಿದ ಮೇಲೆ ಭಾನುವಾರಗಳಂದು ನಮ್ಮಲ್ಲಿಗೆ ಊಟಕ್ಕೆ ಬರತೊಡಗಿದಳು. ಎಲೆಯ ಮುಂದೆ ಕುಳಿತೇ ಒಮ್ಮೆ ಹೇಳಿದಳು:

"ನದಿ ತರೋ ಮಣ್ಣಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕಬ್ಬಿಣದ ಕಣ ಇರುತ್ತೆ, ಅಹಲ್ಯಮ್ಮ. ಸಮುದ್ರದಲ್ಲಿ ಮೆಲ್ಲಗೆ ಇಳೀತಾ ಇಳೀತಾ ಅವು ದಿಕ್ಸೂಚಿ ಮುಳ್ಳಿನ ಹಾಗೆ ಉತ್ತರಕ್ಕೆ ತಿರುಗಿಕೊಳ್ಳುತ್ತವೆ. ಮೇಲೆ ಮತ್ತೆ ಮಣ್ಣು ಬೀಳುತ್ತೆ, ಹಾಗೇ ಸಿಕ್ಕಿಕೊಂಡುಬಿಡುತ್ತವೆ. ಆಮೇಲೆ ಭೂಮಿಯ ಕಾಂತ ಬದಲಾದರೂ ಅವು ಅಲುಗೋದಿಲ್ಲ. ಯಾವ ಆಳದಲ್ಲಿ ಯಾವ ದಿಕ್ಕು ಅಂತ ನಾವು ಅಳೀತೀವಿ. ಹತ್ತಿರ ಕಬ್ಬಿಣ ಇದ್ದರೆ ಆ ಅಳತೆ ಕೆಡುತ್ತೆ."

"ಭೂಮಿಯ ಉತ್ತರ ಬದಲಾಗುವುದುಂಟಾ?"

"ಉಂಟು. ಮುಳ್ಳು ಪೂರ್ತಿ ತಿರುಗಿ ನಿಂತ ಕಾಲ ಇತ್ತು. ಸ್ವಲ್ಪ ಕಾಲ ದಾರಿ ತಪ್ಪಿ ಮತ್ತೆ ಸರಿಹೋದದ್ದೂ ಇದೆ. ನಮ್ಮ ಕಡೆ ಮುಳ್ಳು ಉತ್ತರಕ್ಕೆ ನೋಡೋವಾಗ ಚೂರು ತಲೆ ತಗ್ಗಿಸುತ್ತೆ. ಹಾಗೆ ದಾರಿ ತಪ್ಪಿದ ಕಾಲದ ಮಣ್ಣಲ್ಲಿ ತಲೆ ಎತ್ತಿರುತ್ತೆ. ಅಷ್ಟೇ ವ್ಯತ್ಯಾಸ."

"ಆಗ ನೋಡಿದವರು ಯಾರು?"

"ಯಾರೂ ಇಲ್ಲ. ಮಣ್ಣೊಂದೇ ಸಾಕ್ಷಿ."

"ಒಂದೇ ಸಾಕ್ಷಿಯೆಂದರೆ ನಾನು ನಂಬುವುದಿಲ್ಲಪ್ಪ" ಎಂದೆ. ಅವಳು ಸಾರು ಹಾಕಿಸಿಕೊಂಡು ನಕ್ಕಳು. ನಾನು ತಮಾಷೆಗೆ ಹೇಳಿದ್ದಲ್ಲ.

ಆ ವರ್ಷಗಳಲ್ಲಿ ಊರೆಲ್ಲ ಕಂಪ್ಯೂಟರಿನ ಮಾತು. ಸೆಕ್ಟರ್ ಫೈವ್‌ನಲ್ಲಿ ಗಾಜಿನ ಕಟ್ಟಡಗಳು ಏಳುತ್ತಿದ್ದವು. ರಾಜಾರ್‌ಹಾಟಿನ ಗದ್ದೆಗಳನ್ನು ಮುಚ್ಚಿ ನ್ಯೂ ಟೌನ್ ಮಾಡುತ್ತಿದ್ದರು. ಮುರಾರಿಯ ಆಫೀಸಿನ ಸ್ಟೋರೂ ನ್ಯೂ ಟೌನಿನ ಹೊಸ ಕಟ್ಟಡಕ್ಕೆ ಹೋಯಿತು. ಸಾಗಿಸುವ ಗುತ್ತಿಗೆ ಸೆಕ್ಟರ್ ಫೈವ್‌ನ ಒಂದು ಏಜೆನ್ಸಿಗೆ. ಕೊಳವೆಗಳ ಲೆಕ್ಕವನ್ನೆಲ್ಲ ಕಂಪ್ಯೂಟರಿಗೆ ಹಾಕುವವರೂ ಅವರೇ. ಹೊಸ ಸ್ಟೋರಿಗೆ ಖಾಯಂ ಆಗಿ ಒಬ್ಬನನ್ನು ತೆಗೆದುಕೊಳ್ಳುತ್ತಾರೆ, ಅದು ಮುರಾರಿಯೇ ಎಂದು ಲಾಹಿರಿ ಬಾಬು ಹೇಳಿದ್ದರು. ಮುರಾರಿಗೆ ಐವತ್ತು ದಾಟಿತ್ತು. ಕೂಲಿಯ ಕೆಲಸ ಎಂದು ನಿಂತರೂ ಕೇಳುವವರಿಲ್ಲ. ಖಾಯಂ ಆದರೆ ಮುದಿತನಕ್ಕೆ ಪಿಂಚಣಿ. ಅವನಿಗೆ ಬೇಕಾಗಿದ್ದುದು ಅದೊಂದೇ. ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಆದರೆ ದೇವರ ಮುಂದೆ ನಿಲ್ಲುವ ಹೊತ್ತು ಹೆಚ್ಚಾಗಿತ್ತು.

"ಆ ಏಜೆನ್ಸಿಯವರಿಗೆ ತಮ್ಮ ಹುಡುಗನನ್ನು ಆ ಜಾಗಕ್ಕೆ ಸೇರಿಸುವುದು ಬೇಕಾಗಿರುತ್ತದೆ, ನೋಡ್ತಾ ಇರು" ಎಂದೆ.

"ನೀವು ಹಾಲಿನವನನ್ನೂ ನಂಬುವುದಿಲ್ಲ, ಅತ್ತಿಗೆ."

"ಹಾಲಿನವನು ನೀರು ಹಾಕುತ್ತಾನೆ. ಅದಕ್ಕೇ ನಂಬುವುದಿಲ್ಲ."

ಸ್ಟೋರು ಸಾಗಿದ ಮೇಲೆ ಕೆಲವು ತಿಂಗಳು ಸದ್ದಿರಲಿಲ್ಲ. ಹೊಸ ಕಟ್ಟಡದಲ್ಲಿ ಕತ್ತರಿಸುವ ಕೋಣೆಗೆ ಕೂಲಿಯವರನ್ನು ಬಿಡುವುದಿಲ್ಲ ಎಂಬ ಹೊಸ ನಿಯಮ ಬಂತು. ಮುರಾರಿಯದು ಕೊಳವೆಗಳನ್ನು ಕಪಾಟಿನಿಂದ ತೆಗೆದು ಕೊಡುವುದು, ಇಡುವುದು ಅಷ್ಟೇ. ಒಂದು ಭಾನುವಾರ ಶ್ರೀವಿದ್ಯಾ ಬಂದಾಗ ಅವಳ ಮುಖ ಹೊಳೆಯುತ್ತಿತ್ತು. ಕೊಲ್ಲಿಯಿಂದ ತಂದ ಒಂದು ಮಣ್ಣಿನ ಕಂಬದಲ್ಲಿ, ನಡುವಿನ ಕೆಲವು ಕೊಳವೆಗಳಲ್ಲಿ, ಮುಳ್ಳು ತಲೆ ಎತ್ತಿದೆಯಂತೆ. ಮೇಲೆ ಸರಿ, ಕೆಳಗೆ ಸರಿ, ನಡುವೆ ಮಾತ್ರ ತಿರುಗಿದೆ. ದಾರಿ ತಪ್ಪಿದ ಕಾಲ ಅವಳ ಕೈಗೆ ಸಿಕ್ಕಿದೆ. ಇನ್ನು ದೇಶದೇಶಗಳಲ್ಲಿ ಅದರ ಮೇಲೆ ಭಾಷಣ ಮಾಡಬೇಕು ಎಂದಳು. ಮುರಾರಿ ಪಾಯಸ ಮಾಡಿದ.

ಪಾಯಸದ ಪಾತ್ರೆ ತೊಳೆದು ಒಣಗುವುದರೊಳಗೆ ಗಾಳಿ ತಿರುಗಿತು. ಲಾಹಿರಿ ಬಾಬು ಅಳತೆಗಳನ್ನು ನೋಡಿ ತಲೆ ಕೆರೆದುಕೊಂಡರಂತೆ. ಮುಳ್ಳು ತಿರುಗಿದ್ದು ಒಂದು ಕೊಳವೆಯ ತುದಿಯಲ್ಲೇ ಶುರುವಾಗುತ್ತದೆ, ಇನ್ನೊಂದು ಕೊಳವೆಯ ತುದಿಯಲ್ಲೇ ಮುಗಿಯುತ್ತದೆ. ಭೂಮಿ ನಮ್ಮ ಕೊಳವೆಯ ಅಳತೆ ನೋಡಿಕೊಂಡು ತಿರುಗುತ್ತದೆಯೇ? ಕೊಳವೆಗಳನ್ನೇ ಯಾರೋ ಹಿಂದುಮುಂದು ಮಾಡಿದ್ದಾರೆ ಎಂದರು. ಹಿಂದುಮುಂದಾದರೆ ತಗ್ಗಿದ ತಲೆ ಎತ್ತಿದ ಹಾಗೆ ಕಾಣುತ್ತದೆ. ಕಪಾಟಿನಲ್ಲಿ ಇಟ್ಟವರು ಯಾರು? ಮುರಾರಿ ಮತ್ತು ಸುಖೇನ್. ಸುಖೇನ್ ಖಾಯಂ ನೌಕರ, ಅವನಿಗೆ ಯೂನಿಯನ್ ಇದೆ. ಮುರಾರಿಯನ್ನು ಕರೆದರು.

ಆ ದಿನ ಅವನು ಮನೆಗೆ ಬಂದು ಅಂಗಿ ಕೂಡ ಬಿಚ್ಚದೆ ಕುಳಿತ.

"ಎಂತ ಕೇಳಿದರು?"

"ಕೊಳವೆ ತಲೆಕೆಳಗಾಗಿ ಇಟ್ಟೆಯಾ ಅಂತ."

"ನೀನು?"

"ಇಲ್ಲ ಅಂದೆ. ಇಡಬೇಕಾದ ಹಾಗೇ ಇಟ್ಟಿದ್ದೇನೆ ಅಂದೆ. ಮೂರು ಮಂದಿ ಮೂರು ನಮೂನೆಯಲ್ಲಿ ಕೇಳಿದರು ಅತ್ತಿಗೆ. ನನ್ನ ಉತ್ತರ ಒಂದೇ."

ಅವನ ಕಣ್ಣನ್ನು ನಾನು ಸರಿಯಾಗಿ ನೋಡಿದೆ. ಮುರಾರಿ ಸುಳ್ಳು ಹೇಳುವಾಗ ಎಡಗೈಯಿಂದ ಕಿವಿ ಮುಟ್ಟಿಕೊಳ್ಳುತ್ತಾನೆ. ಮುಟ್ಟಿಕೊಳ್ಳಲಿಲ್ಲ. ಹಾಗಾದರೆ ಇದು ಏಜೆನ್ಸಿಯವರದೇ ಕೆಲಸ. ಸಾಗಿಸುವಾಗ ಹಳೆಯ ಮುಚ್ಚಳಗಳು ಒಡೆದವಂತೆ. ಮೊದಲು ತಲೆಯ ತುದಿಗೆ ಕೆಂಪು, ಬುಡದ ತುದಿಗೆ ಕಪ್ಪು ಇತ್ತು. ಇವರು ಎಲ್ಲಕ್ಕೂ ಬಿಳಿಯದೇ ತಂದು ಹಾಕಿದರು. ಕಂಪ್ಯೂಟರಿನಲ್ಲಿ ಮೇಲಿನದು ಕೆಳಗೆ ಬರೆದವರೂ ಅವರೇ ಇರಬೇಕು. ಈಗ ಬಡವನ ತಲೆಗೆ ಕಟ್ಟುತ್ತಿದ್ದಾರೆ. ನನಗೆ ನಿದ್ದೆ ಬರಲಿಲ್ಲ, ಊಟ ಸೇರಲಿಲ್ಲ. ಶ್ರೀವಿದ್ಯಾಳ ಮೇಲೂ ನನಗೆ ಅನುಮಾನವೇ. ಭಾನುವಾರ ಬರುವುದನ್ನು ನಿಲ್ಲಿಸಿದ್ದಳು.

ಅಷ್ಟರಲ್ಲಿ ಮತ್ತೊಂದಾಯಿತು. ಶ್ರೀವಿದ್ಯಾಳ ಅಳತೆಯ ಸುದ್ದಿ ಹೇಗೋ ದಿಲ್ಲಿಗೆ ಮುಟ್ಟಿ, ಅಲ್ಲಿಯವರು ಫೋನು ಮಾಡಿ ಶಹಬ್ಬಾಸ್ ಹೇಳಿದರಂತೆ. ಮುಂದಿನ ಹಡಗಿಗೆ ಹಣ ಕೊಡುವ ಮಾತೂ ಬಂತಂತೆ. ಒಬ್ಬ ಅಧಿಕಾರಿ ಬಂದು ನೋಡಿ ಹೋಗುತ್ತಾರೆ ಎಂದಾಯಿತು. ಲಾಹಿರಿ ಬಾಬು ಮುರಾರಿಯನ್ನು ಮತ್ತೆ ಕರೆದರು. ಈ ಸಲ ಕುರ್ಚಿ ಕೊಟ್ಟು ಕೂರಿಸಿದರು.

"ನೀನು ಹೇಳಿದ್ದು ನಿಜವೇ ಇರಬೇಕು ಮುರಾರಿ. ಬಂದವರು ಕೇಳಿದರೆ, ಹೇಳಿದ ಹಾಗೇ ಇಟ್ಟೆ ಎಂದು ಹೇಳು. ಆಮೇಲೆ ನಿನ್ನ ಖಾಯಂ ವಿಷಯ ನೋಡಿಬಿಡೋಣ."

ಮುರಾರಿ ಖುಷಿಯಿಂದ ಮನೆಗೆ ಬಂದ. ನನಗೆ ಬೈಗುಳಕ್ಕಿಂತ ಈ ಕುರ್ಚಿ ಹೆದರಿಕೆ ಹುಟ್ಟಿಸಿತು. ಮೊನ್ನೆ ನೀನೇ ಮಾಡಿದ್ದು ಅಂದವರು ಇವತ್ತು ನೀನು ಮಾಡಿಲ್ಲ ಅನ್ನುತ್ತಿದ್ದಾರೆ. ನಡುವೆ ಮಣ್ಣನ್ನು ಯಾರೂ ಮತ್ತೆ ನೋಡಿಲ್ಲ. ನೋಡುವ ದಾರಿ ಇತ್ತು. ಹಳೆಯ ಸ್ಟೋರಿನಲ್ಲೇ ಸೀಳಿದ್ದ ಪ್ರತಿ ಕೊಳವೆಯ ಒಂದು ಹೋಳು ಕೆಲಸಕ್ಕೆಂದು ಕಪಾಟಿನಲ್ಲಿ, ಇನ್ನೊಂದು ಹೋಳು ಮುಟ್ಟದೆ ಇಡುವುದಕ್ಕೆ. ಆ ಮುಟ್ಟದ ಹೋಳುಗಳು ಸಾಗಿಸಿದ ಪೆಟ್ಟಿಗೆಗಳಲ್ಲೇ ಮೊಳೆ ಹೊಡೆದು ಬಿದ್ದಿದ್ದವು. ಅವಕ್ಕೆ ಕಪಾಟು ಇನ್ನೂ ಬಂದಿರಲಿಲ್ಲ. ಪೆಟ್ಟಿಗೆ ಬಿಚ್ಚಿ ಎರಡೂ ಹೋಳು ಪಕ್ಕಪಕ್ಕ ಇಟ್ಟರೆ ಆಯಿತು. "ಅದನ್ನು ಯಾಕೆ ಬಿಚ್ಚುವುದಿಲ್ಲ?" ಎಂದು ಕೇಳಿದೆ.

"ಬಂದವರು ಹೋಗಲಿ, ಆಮೇಲೆ ಅಂತಾರೆ."

"ಹ್ಞಾ" ಎಂದೆ.

ಅಧಿಕಾರಿ ಬರುವ ಹಿಂದಿನ ಭಾನುವಾರ ಶ್ರೀವಿದ್ಯಾ ಬಂದಳು, ಕೈಯಲ್ಲಿ ಸಂದೇಶ್ ಮಿಠಾಯಿಯ ಡಬ್ಬಿ. ಇಷ್ಟು ದಿನ ಬಾರದವಳು ಇವತ್ತೇ ಸಿಹಿ ಹಿಡಿದು ಬಂದದ್ದು ಯಾಕೆ? ಮುರಾರಿಯ ಮಾತು ಪಕ್ಕಾ ಮಾಡಿಕೊಂಡು ಹೋಗಲು ಎಂದು ನಾನು ಲೆಕ್ಕ ಹಾಕಿದೆ. ಡಬ್ಬಿಯನ್ನು ಬಿಚ್ಚದೆ ದೇವರ ಗೂಡಿನ ಪಕ್ಕ ಇಟ್ಟೆ.

"ಕೋಪಾನಾ ಅಹಲ್ಯಮ್ಮ?"

"ಕೋಪ ಎಂತಕ್ಕೆ? ಊಟ ಮಾಡು."

ಅವಳು ಉಂಡು ಕೈ ತೊಳೆದಳು. ರಾತ್ರಿಯೆಲ್ಲ ಅಳತೆಗಳನ್ನೇ ನೋಡುತ್ತಿದ್ದೇನೆ, ಕಣ್ಣು ಉರಿಯುತ್ತದೆ ಎಂದಳು. ನಾನು ಚಾಪೆ ಹಾಸಿಕೊಟ್ಟೆ. ಅವಳು ಬಾಲ್ಕನಿಯ ಗಾಳಿ ಬರುವ ಕಡೆಗೆ ತಲೆ ಮಾಡಿ ಉರುಳಿಕೊಂಡಳು. ಮುರಾರಿ ದಿಂಬು ತಂದವನು ನಿಂತುಬಿಟ್ಟ.

"ಆ ಕಡೆ ತಲೆ ಬೇಡಮ್ಮ. ಉತ್ತರ ಅದು."

"ಅಯ್ಯೋ ಮುರಾರಿಯವರೇ, ಗಾಳಿ ಬರ್ತಿದೆ."

"ಗಾಳಿ ಕಾಲಿಗೆ ಬರಲಿ. ಎದ್ದೇಳಿ, ಎದ್ದೇಳಿ."

ಅವಳು ನಗುತ್ತ ಎದ್ದಳು. ಅವನು ಚಾಪೆಯನ್ನು ತಿರುಗಿಸಲಿಲ್ಲ, ದಿಂಬನ್ನು ಮಾತ್ರ ಈಚೆ ತುದಿಗೆ ತಂದಿಟ್ಟ. ನಮ್ಮ ಮನೆಗಳಲ್ಲಿ ಇದು ಹೊಸದಲ್ಲ. ಉತ್ತರಕ್ಕೆ ತಲೆ ಹಾಕಿದವರನ್ನು ನನ್ನ ಅತ್ತೆ ನಿದ್ದೆಯಲ್ಲೇ ಎಬ್ಬಿಸುತ್ತಿದ್ದರು. ನಾನು ಬಾಳೆಕಾಯಿ ಹೆಚ್ಚುತ್ತಿದ್ದೆ. ಚಾಪೆ ಅಲ್ಲೇ ಇದೆ, ಅವಳ ತಲೆ ಮಾತ್ರ ಇತ್ತ ಬಂದಿದೆ. ಅದನ್ನೇ ನೋಡುತ್ತ ನನ್ನ ಕೈ ನಿಂತಿತು.

ಮುರಾರಿಯನ್ನು ಅಡುಗೆಮನೆಗೆ ಕರೆದೆ. "ಹೊಸ ಸ್ಟೋರಿನ ಕಪಾಟು ಯಾವ ದಿಕ್ಕಿಗೆ ಉಂಟು?"

"ಉದ್ದಕ್ಕೆ ಉತ್ತರ ದಕ್ಷಿಣ. ಹಳೆಯದರ ಹಾಗಲ್ಲ, ಅದು ಪೂರ್ವ ಪಶ್ಚಿಮ ಇತ್ತು."

"ಕೊಳವೆಯ ತಲೆ ಯಾವ ಕಡೆ ಇಡು ಅಂತ ಹೇಳಿದ್ದರು?"

"ಹಿಂದಿನ ಗೋಡೆಗೆ."

"ಆ ಗೋಡೆ?"

"ಉತ್ತರ."

"ನೀನು ಯಾವ ಕಡೆ ಇಟ್ಟೆ?"

"ಬಾಗಿಲ ಕಡೆಗೆ" ಎಂದ. ಧ್ವನಿಯಲ್ಲಿ ಏನೂ ಅಳುಕಿಲ್ಲ. ಬೇರೆ ಯಾವ ಕಡೆ ಇಡುತ್ತಾರೆ ಎಂಬ ಹಾಗೆ ನನ್ನನ್ನೇ ನೋಡಿದ. "ಕೊಳವೆಯ ಮೇಲೆಯೇ ತಲೆ ಅಂತ ಬರೆದಿರುತ್ತಾರೆ ಅತ್ತಿಗೆ. ಹಡಗಿನವರು ಅದಕ್ಕೆ ತಲೆ, ಬುಡ ಅಂತಲೇ ಹೇಳುವುದು. ಅಷ್ಟು ಕಾಲದಿಂದ ಸಮುದ್ರದಲ್ಲಿ ಮಲಗಿದ್ದದ್ದು. ಗೊತ್ತಿದ್ದೂ ಉತ್ತರಕ್ಕೆ ತಲೆ ಹಾಕುವುದು ಹೇಗೆ? ಹೇಳಿದವರು ದಿಕ್ಕು ನೋಡಿರಲಿಕ್ಕಿಲ್ಲ ಅಂದುಕೊಂಡೆ. ಮೊದಲ ಗಾಡಿಯದನ್ನು ಹಾಗೆ ಇಟ್ಟೆ. ಆಮೇಲೆ ಎಲ್ಲರಿಗೂ ಊಟ ಬಿಸಿ ಮಾಡಲು ಹೋದೆ, ಉಳಿದದ್ದು ಸುಖೇನ್ ಇಟ್ಟ."

"ತಲೆಕೆಳಗಾಗಿ ಇಟ್ಟೆಯಾ ಅಂತ ಕೇಳಿದರಲ್ಲ ಮಾರಾಯ!"

"ತಲೆಕೆಳಗು ಎಲ್ಲಿ? ಮಲಗಿಸಿಯೇ ಇಟ್ಟಿದ್ದು. ಬಾಣದ ಗುರುತು ಹೊಟ್ಟೆಯ ಅಡಿಗೆ ಉಂಟು. ಕತ್ತರಿಸುವವರು ನೋಡಿಕೊಳ್ಳುತ್ತಾರೆ."

"ಗುರುತು ಅಳಿಸಿಹೋಗಿತ್ತು."

ಅದು ಶ್ರೀವಿದ್ಯಾಳ ದನಿ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಕೂದಲು ಅರ್ಧ ಬಿಚ್ಚಿತ್ತು. "ತಣ್ಣನೆ ಕೋಣೇಲಿ ನೀರು ಕೂತು ಮಸಿ ಹೋಗಿತ್ತು, ಮುರಾರಿಯವರೇ. ಹಿಂದಿನ ಗೋಡೆ ಕಡೆಯದೇ ತಲೆ ಅಂದುಕೊಂಡು ಕತ್ತರಿಸಿದ್ದು. ಆ ನಡುವಿನ ಕೊಳವೆಗಳು ಬಂದದ್ದೂ ಮೊದಲ ಗಾಡೀಲೇ."

"ಕತ್ತರಿಸಿದ್ದು ಯಾರು?" ಎಂದು ನಾನು ಕೇಳಿದೆ.

"ನಾನೇ."

ಮುರಾರಿ ಗೋಡೆಗೆ ಒರಗಿದ. ಅವನಿಗೆ ಆಗ ತಿಳಿಯಿತು. "ಅಂದರೆ, ಮುಳ್ಳು ತಿರುಗಿದ್ದು..." ಎಂದು ಅಲ್ಲಿಗೇ ನಿಲ್ಲಿಸಿದ.

"ನೀವು ತಿರುಗಿಸಿದ್ದು" ಎಂದಳು. ದಿಂಬಿನ ಪಕ್ಕದಲ್ಲಿದ್ದ ತನ್ನ ಚೀಲ ತೆಗೆದುಕೊಂಡು, ಕಾಫಿಯನ್ನೂ ಕುಡಿಯದೆ ಇಳಿದು ಹೋದಳು.

ಇನ್ನು ಇವಳು ಎಲ್ಲ ಮುಚ್ಚಿಹಾಕುತ್ತಾಳೆ ಎಂದುಕೊಂಡೆ ನಾನು. ಹೆಸರು, ಭಾಷಣ, ಹಡಗು ಎಲ್ಲ ಇದರ ಮೇಲೇ ನಿಂತಿದೆ. ಮುರಾರಿ ಹೇಳಿದ ಹಾಗೇ ಇಟ್ಟೆ ಎಂದರೆ ಅವಳೂ ಉಳಿಯುತ್ತಾಳೆ, ಇವನಿಗೂ ಪಿಂಚಣಿ. ಬೇರೆ ಯಾರಿಗೂ ಗೊತ್ತಿಲ್ಲ. ನಾನು ಅದನ್ನು ಅವನಿಗೆ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಅವನ ತಲೆಯಲ್ಲಿ ಅದೇ ಓಡುತ್ತಿತ್ತು. ಎರಡು ದಿನ ಅವನ ಅಡುಗೆಗೆ ಉಪ್ಪು ಸರಿಯಾಗಲಿಲ್ಲ.

"ಎಂತ ಹೇಳುತ್ತೀ?" ಎಂದು ಕೇಳಿದೆ.

"ನಾನು ಇಟ್ಟದ್ದು ತಪ್ಪು ಅಂತ ಈಗಲೂ ಅನ್ನಿಸುವುದಿಲ್ಲ ಅತ್ತಿಗೆ. ಆದರೆ ಹೇಳಿದ ಹಾಗೆ ಇಡಲಿಲ್ಲ. ಅದು ಹೌದಲ್ಲ?"

ಅಧಿಕಾರಿ ಬಂದ ದಿನ ನಡೆದದ್ದನ್ನು ಅವನೂ ಹೇಳಿದ, ಆಮೇಲೆ ಸುಖೇನ್ ಕೂಡ ಹೇಳಿದ. ಎರಡೂ ಒಂದೇ ಇದ್ದುದರಿಂದ ಬರೆಯುತ್ತಿದ್ದೇನೆ. ದಿಲ್ಲಿಯವರು ಸ್ಟೋರಿನ ಕಪಾಟಿನ ಮುಂದೆ ನಿಂತು ಹಿಂದಿಯಲ್ಲಿ ಕೇಳಿದರು:

"ಇದನ್ನೆಲ್ಲ ಹೇಳಿದ ಹಾಗೇ ಇಟ್ಟಿದ್ದೀಯಲ್ಲ?"

"ಇಲ್ಲ ಸಾಹೇಬರೇ. ಮೊದಲ ಗಾಡಿಯದನ್ನು ತಲೆ ಈ ಕಡೆ ಮಾಡಿ ಇಟ್ಟೆ."

"ಯಾಕೆ?"

"ಆ ಕಡೆ ಉತ್ತರ."

ಸುಖೇನ್ ನಕ್ಕುಬಿಟ್ಟನಂತೆ. ಅಧಿಕಾರಿ ನಗಲಿಲ್ಲವಂತೆ. ಅವರು ಅಲಹಾಬಾದಿನ ಕಡೆಯವರು. ಅವರಿಗೆ ಅರ್ಥವಾಗಿತ್ತು, ಅದೇ ಕಷ್ಟ. ಲಾಹಿರಿ ಬಾಬು ಕೆಂಪಾಗಿ, ಇವನಿಗೆ ತಿಳಿವಳಿಕೆ ಕಡಿಮೆ, ಗಾಬರಿಯಾಗಿ ಏನೋ ಹೇಳುತ್ತಿದ್ದಾನೆ ಎಂದರು. ಆಗ ಶ್ರೀವಿದ್ಯಾ ಬಾಯಿ ತೆರೆದಳಂತೆ: "ಪೆಟ್ಟಿಗೆ ಬಿಚ್ಚಿಸಿ ಸರ್. ಸೋಮವಾರದಿಂದ ಕೇಳ್ತಾ ಇದ್ದೀನಿ."

ಸೋಮವಾರದಿಂದ ಎಂದದ್ದನ್ನು ಎಲ್ಲರೂ ಕೇಳಿಸಿಕೊಂಡರಂತೆ.

ಪೆಟ್ಟಿಗೆ ಬಿಚ್ಚಿದರು. ಮೊಳೆ ಕೀಳಲು ಕಬ್ಬಿಣದ ಹಾರೆ ತರಬಾರದೆಂದು ಸ್ವಲ್ಪ ಗಲಾಟೆಯಾಗಿ, ಕೊನೆಗೆ ಪೆಟ್ಟಿಗೆಯನ್ನೇ ಅಂಗಳಕ್ಕೆ ಹೊತ್ತುಕೊಂಡು ಹೋಗಿ ಬಿಚ್ಚಿದರಂತೆ. ಮುಟ್ಟದ ಹೋಳುಗಳಲ್ಲಿ ಒಂದರೊಳಗೆ ಬಿಳಿಯ ಬೂದಿಯ ಪಟ್ಟಿಯೊಂದಿತ್ತು. ಬಹಳ ಹಿಂದೆ ಯಾವುದೋ ಜ್ವಾಲಾಮುಖಿ ಉಗುಳಿ ಸಮುದ್ರದ ಮೇಲೆ ಬಿದ್ದ ಬೂದಿಯಂತೆ. ಮುಟ್ಟದ ಹೋಳಿನಲ್ಲಿ ಅದು ಬುಡದ ಹತ್ತಿರ. ಕಪಾಟಿನ ಹೋಳನ್ನು ತಂದು ಶ್ರೀವಿದ್ಯಾ ಕತ್ತರಿಸಿದ ಹಾಗೇ ಪಕ್ಕದಲ್ಲಿಟ್ಟಾಗ ಬೂದಿ ತಲೆಯ ಹತ್ತಿರ ಬಂತು. ತಿರುಗಿಸಿ ಇಟ್ಟರು. ಪಟ್ಟಿಗೆ ಪಟ್ಟಿ ಕೂಡಿತು. ದಾರಿ ತಪ್ಪಿದ ಕಾಲ ಆ ಮಣ್ಣಿನಲ್ಲಿ ಇರಲಿಲ್ಲ. ಮುಳ್ಳು ಇದ್ದ ಹಾಗೇ ತಲೆ ತಗ್ಗಿಸಿಕೊಂಡಿತ್ತು, ಮೇಲಿನಿಂದ ಕೆಳಗಿನವರೆಗೆ.

ಅಧಿಕಾರಿ ಊಟ ಮಾಡಿಕೊಂಡು ದಿಲ್ಲಿಗೆ ಹೋದರು. ಹಡಗಿನ ಮಾತು ನಿಂತಿತು. 

ಶ್ರೀವಿದ್ಯಾ ಒಂದು ದಿನ ಬಂದಳು. ನಾನು ಬಾಗಿಲ ಸರಪಳಿ ತೆಗೆಯದೆ ಇಣುಕಿದೆ. ಸಿಹಿ ತಂದಿರಲಿಲ್ಲ. "ಬೈಯೋಕೆ ಬಂದಿಲ್ಲ ಅಹಲ್ಯಮ್ಮ, ಹಸಿವಾಗ್ತಿದೆ" ಎಂದಳು. ಒಳಗೆ ಕರೆದೆ. ಮುರಾರಿ ಅವಳ ಮುಖ ನೋಡದೆ ಬಡಿಸಿದ. ಎಲ್ಲ ಕೊಳವೆಗಳನ್ನೂ ಮೊದಲಿಂದ ಅಳೆಯುತ್ತಿದ್ದೇನೆ, ಹೊಸದೇನೂ ಸಿಗಲಿಲ್ಲ, ಎಂದಳು. ಅನ್ನಕ್ಕೆ ಮೊಸರು ಕಲಸುತ್ತ, "ಒಂದು ಮಾತು ಮೊದಲೇ ಹೇಳಬಾರದಿತ್ತಾ?" ಎಂದು ಅವನನ್ನು ಕೇಳಿದಳು. "ಕೇಳಲಿಲ್ಲವಲ್ಲ ಅಮ್ಮ" ಎಂದ. ಅವಳು "ಹೌದು, ನಾನು ಕೇಳಲಿಲ್ಲ" ಎಂದು ಉಪ್ಪಿನಕಾಯಿ ಹಾಕಿಸಿಕೊಂಡಳು. ಪೆಟ್ಟಿಗೆ ಬಿಚ್ಚಿಸು ಎಂದು ಸೋಮವಾರವೇ ಕೇಳಿದ್ದು ನಿಜವೋ, ಆಮೇಲೆ ಕಟ್ಟಿದ ಮಾತೋ ಎಂದು ನಾನು ಸುಖೇನನಲ್ಲಿ ವಿಚಾರಿಸಿದೆ. ನಿಜವಂತೆ. ಆ ಹುಡುಗಿಯ ವಿಷಯದಲ್ಲಿ ನನ್ನ ಲೆಕ್ಕ ತಪ್ಪಿತ್ತು.

ಖಾಯಂ ಆದವರ ಹೆಸರು ಹಬ್ಬಕ್ಕೆ ಮೊದಲೇ ಹೊರಬಿತ್ತು. ಸ್ಟೋರಿನ ಜಾಗಕ್ಕೆ ಏಜೆನ್ಸಿಯ ಹುಡುಗ. ಮುರಾರಿಯ ದಿನಗೂಲಿಯೂ ತಿಂಗಳ ಕೊನೆಗೆ ಸಾಕು ಎಂದಿದ್ದರು.

"ಕೇಳಿ ಬರೋಣ, ಬಾ" ಎಂದೆ.

"ಎಂತ ಕೇಳುವುದು ಅತ್ತಿಗೆ?"

"ನನಗೆ ಕೇಳಲಿಕ್ಕುಂಟು."

ನ್ಯೂ ಟೌನಿಗೆ ನಾನು ಹೋದದ್ದು ಅದೇ ಮೊದಲು. ಅಗಲ ರಸ್ತೆ, ಮನುಷ್ಯರಿಲ್ಲ. ಅರ್ಧ ಕಟ್ಟಿದ ಗೋಪುರಗಳಂಥ ಮನೆಗಳು. ಲಾಹಿರಿ ಬಾಬು ನನ್ನನ್ನು ನೋಡಿ ಎದ್ದು ನಿಂತರು. "ಬನ್ನಿ ಬೌದಿ, ಬನ್ನಿ" ಎಂದು ಕುರ್ಚಿ ಎಳೆದರು. ಬಂಗಾಳಿಗಳು ಅಣ್ಣನ ಹೆಂಡತಿಯನ್ನು ಹಾಗೆ ಕರೆಯುವುದು. ಒಳ್ಳೆಯ ಮನುಷ್ಯ ಎಂದೇ ತೋರುತ್ತಿದ್ದರು. ನನ್ನ ಬಂಗಾಳಿ ಮೀನು ಮಾರುವವರ ಹತ್ತಿರ ಜಗಳಕ್ಕಷ್ಟೇ ಸಾಕಾಗುವುದು, ಆದರೂ ಕೇಳಿದೆ.

"ಮುರಾರಿಯನ್ನು ಬಿಟ್ಟದ್ದು ಕೊಳವೆ ತಿರುಗಿಸಿ ಇಟ್ಟದ್ದಕ್ಕೋ, ತಿರುಗಿಸಿ ಇಟ್ಟೆ ಎಂದು ಹೇಳಿದ್ದಕ್ಕೋ?"

ಅವರು ಕನ್ನಡಕ ತೆಗೆದು ಒರೆಸಿದರು. "ಮೇಲಿನವರ ತೀರ್ಮಾನ, ಬೌದಿ."

"ಮೇಲಿನವರು ಎರಡರಲ್ಲಿ ಯಾವುದು ಎಂದರು?"

"ಹಾಗೆಲ್ಲ ಬಿಡಿಸಿ ಹೇಳುವುದಿಲ್ಲ."

"ನೀವು ಬಿಡಿಸಿ ಹೇಳಿ. ನಾನು ಯಾರಿಗೂ ಹೇಳುವುದಿಲ್ಲ."

ಅವರು ಮುರಾರಿಯನ್ನು ನೋಡಿದರು. ಮುರಾರಿ ನೆಲ ನೋಡಿದ. "ನಮ್ಮ ಮನೆಯಲ್ಲೂ ಉತ್ತರಕ್ಕೆ ತಲೆ ಹಾಕುವುದಿಲ್ಲ" ಎಂದರು ಲಾಹಿರಿ ಬಾಬು, ಮೆಲ್ಲಗೆ. ಅದು ನಾನು ಕೇಳಿದ್ದಕ್ಕೆ ಉತ್ತರವಲ್ಲ. ಆಮೇಲೆ ಗಂಟೆ ಒತ್ತಿ ಚಹಾ ಹೇಳಿದರು. ಚಹಾ ಬಂತು. ನಾನು ಲೋಟ ಮುಟ್ಟಲಿಲ್ಲ. ಮುರಾರಿ ಪೂರ್ತಿ ಕುಡಿದು ನಮಸ್ಕಾರ ಮಾಡಿದ.

ಹೊರಗೆ ಬಂದು ಬಸ್ಸಿಗೆ ನಿಂತೆವು. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು, ನಿಲ್ಲಲು ಒಂದು ಮರವೂ ಇಲ್ಲ. ಅವನು ಮಾತು ತೆಗೆದ: ನಮ್ಮ ಕಡೆಯ ನರಸಿಂಹಮೂರ್ತಿಯವರ ಮಗಳ ಮದುವೆಗೆ ಅಡುಗೆಗೆ ಕರೆದಿದ್ದಾರೆ, ಹೌರಾದಲ್ಲಿ, ಒಪ್ಪಿಕೊಳ್ಳುತ್ತೇನೆ ಎಂದ.

"ಒಪ್ಪಿಕೋ. ನಿನಗೆ ಎಂತ ಅನ್ನಿಸುತ್ತದೆ, ಬಿಟ್ಟದ್ದು ಯಾತಕ್ಕೆ?"

"ತಿರುಗಿಸಿದ್ದಕ್ಕೇ ಇರಬೇಕು. ತಿರುಗಿಸಿದ್ದು ನಾನಲ್ವಾ, ಅತ್ತಿಗೆ."

ಅವನು ಅದನ್ನು ನಿಜವಾಗಿ ನಂಬಿದ್ದ. ಕಿವಿಯ ಹತ್ತಿರ ಕೈ ಹೋಗಲಿಲ್ಲ. ನನಗೆ ಆಗಲೂ ನಂಬಿಕೆ ಇರಲಿಲ್ಲ, ಈಗಲೂ ಇಲ್ಲ. ಬಸ್ಸು ಬಂತು. ಅದರ ಹಣೆಯ ಮೇಲೆ ಡಮ್ ಡಮ್ ಎಂದೇ ಬರೆದಿತ್ತು. ಆದರೂ ಕಂಡಕ್ಟರನನ್ನು ಕೇಳಿ, ಅವನ ಹಿಂದೆ ಕುಳಿತಿದ್ದ ಮುದುಕನನ್ನೂ ಕೇಳಿ, ಆಮೇಲೆ ಹತ್ತಿದೆ.